ಅಪ್ಪ ನಿಲ್ಲಿಸಿದ ಸ್ಟಾಪು

“ಅಪ್ಪಾ, ಅದು ನಿನ್ನ ಸ್ಟಾಪ್ ಅಲ್ಲ.”

ಮಗಳು ಪಟಪಟಿ ಹೇಳುವಷ್ಟರಲ್ಲಿ ಕಾರು ಆಗಲೇ ರಸ್ತೆಯ ಅಂಚಿಗೆ ಸರಿದು ನಿಧಾನವಾಗಿತ್ತು. ಬಸ್ ಸ್ಟಾಪಿನ ಬೆಂಚಿನ ಮೇಲೆ ತೂಕಡಿಸುತ್ತಿದ್ದ ತಾತ ಒಬ್ಬ ಕೊಡೆ, ಚೀಲ ಎತ್ತಿಕೊಂಡು ಎದ್ದೇಬಿಟ್ಟ. ಅಪ್ಪ ನಾಲಿಗೆ ಕಚ್ಚಿಕೊಂಡು ಗೇರ್ ಬದಲಿಸಿದ. ಪಟಪಟಿ ಹಿಂದೆ ತಿರುಗಿ ನೋಡಿದರೆ ತಾತ ಕೊಡೆ ಬೀಸುತ್ತಾ ಏನೋ ಬೈಯುತ್ತಿದ್ದ. ಪಾಪ, ಅವನ ತಪ್ಪೇನಿದೆ?

ಅಪ್ಪನ ತಪ್ಪೂ ಅಷ್ಟೇನಿಲ್ಲ ಅನ್ನಿ. ಅಪ್ಪ ಸಿಟಿ ಬಸ್ ಡ್ರೈವರ್. ವರ್ಷವಿಡೀ ಅದೇ ಕೆಲಸ. ಸ್ಟಾಪ್ ಬಂದರೆ ನಿಲ್ಲಿಸಬೇಕು, ಕನ್ನಡಿಯಲ್ಲಿ ನೋಡಬೇಕು, ಹಿಂದಿನಿಂದ ಕಂಡಕ್ಟರ್ “ರೈಟ್” ಅಂದರೆ ಹೊರಡಬೇಕು. ಆ ಅಭ್ಯಾಸ ರಜೆ ಅಂತ ಹೇಳಿದರೆ ಕೇಳುತ್ತಾ? ಮಾರ್ಕೆಟ್ಟಿಗೆ ನಡೆದು ಹೋಗುವಾಗಲೂ ಬಸ್ ಸ್ಟಾಪ್ ಕಂಡರೆ ಅಪ್ಪನ ಕಾಲು ನಿಲ್ಲುತ್ತೆ ಅಂತ ಅಮ್ಮ ಆಡಿಕೊಳ್ಳುತ್ತಾಳೆ.

ಇದು ಟ್ರಿಪ್ಪಿನ ಮೊದಲನೇ ದಿನದ ಮಾತು. ಆಗ ಕಾರಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಈಗ ಕೊನೇ ದಿನ. ಈಗ ನಗೋದಕ್ಕೆ ಯಾರಲ್ಲೂ ತ್ರಾಣವಿಲ್ಲ.

ಕಾರು ಅವರದ್ದಲ್ಲ. ಡಿಪೋದ ಮೆಕ್ಯಾನಿಕ್ ಮಾಮ ಒಂದು ವಾರಕ್ಕೆ ಕೊಟ್ಟಿದ್ದ ಹಳೇ ಗಾಡಿ. ಅದರ ಎಸಿ ಪ್ರಾಣ ಬಿಟ್ಟು ಎಷ್ಟೋ ಕಾಲವಾಗಿತ್ತು. ಸೀಟು ಬಿಸಿಯಾಗಿ ತೊಡೆಗೆ ಅಂಟಿಕೊಳ್ಳುತ್ತಿತ್ತು. ಹಿಂದಿನ ಸೀಟಿನಲ್ಲಿ ತಮ್ಮ ಗುಂಡ ಅಮ್ಮನ ತೊಡೆ ಮೇಲೆ ತಲೆಯಿಟ್ಟು ಜೊಲ್ಲು ಸುರಿಸುತ್ತಾ ಮಲಗಿದ್ದ. ಅಮ್ಮನಿಗೆ ಕಾರು ಹತ್ತಿದರೆ ಸಾಕು, ವಾಂತಿ. ಅದಕ್ಕೆ ಮಾತ್ರೆ ನುಂಗಿ ಅವಳೂ ನಿದ್ದೆ ಹೋಗಿದ್ದಳು.

ಪಟಪಟಿ ಮಾತ್ರ ಮುಂದಿನ ಸೀಟಿನಲ್ಲಿ. ಅವಳ ನಿಜವಾದ ಹೆಸರು ಸ್ಕೂಲಿನ ಹಾಜರಿಯಲ್ಲಿ ಬಿಟ್ಟರೆ ಬೇರೆಲ್ಲೂ ಕೇಳೋದಿಲ್ಲ. ಬಾಯಿ ತೆಗೆದರೆ ಮುಚ್ಚೋದಿಲ್ಲ ಅಂತ ಎಲ್ಲರಿಗೂ ಅವಳು ಪಟಪಟಿ. ಅದಕ್ಕೇ ಅವಳಿಗೆ ಮುಂದಿನ ಸೀಟು. ಹೊರಡುವ ದಿನವೇ ಅಪ್ಪ ಹೇಳಿದ್ದ: ಉದ್ದ ದಾರಿ, ನೀನು ಮಾತಾಡ್ತಾನೇ ಇರ್ಬೇಕು, ನನಗೆ ನಿದ್ದೆ ಬರಬಾರದು.

ಆದರೆ ಇವತ್ತು ಪಟಪಟಿಯ ಬಾಯಿಗೆ ಬೀಗ ಬಿದ್ದಿತ್ತು. ಬೀಗ ಹಾಕಿದವಳೂ ಅವಳೇ.

ಯಾಕೆ ಅಂತೀರಾ? ಹೊರಡುವಾಗ ಅಪ್ಪ ಮೂರು ಜಾಗ ತೋರಿಸ್ತೀನಿ ಅಂದಿದ್ದ. ಒಂದು ದೊಡ್ಡ ಕೆರೆ, ಸೂರ್ಯ ಹುಟ್ಟೋದನ್ನು ನೋಡುವ ಬೆಟ್ಟ, ಆಮೇಲೆ ಎಲ್ಲಕ್ಕಿಂತ ಮುಖ್ಯವಾಗಿ ಜಲಪಾತ. ಪಟಪಟಿ ಕ್ಲಾಸಿಗೆಲ್ಲ ಡಂಗುರ ಸಾರಿದ್ದಳು. ಫಾಲ್ಸ್ ಕೆಳಗೆ ನಿಂತು ನೆನೀತೀನಿ, ನೋಡ್ತಾ ಇರಿ, ಅಂತ. ಅವಳು ಈ ಜನ್ಮದಲ್ಲಿ ನಲ್ಲಿ ನೀರು ಬೀಳೋದು ಬಿಟ್ಟು ಬೇರೆ ಯಾವ ನೀರು ಬೀಳೋದನ್ನೂ ನೋಡಿರಲಿಲ್ಲ.

ಮಧ್ಯೆ ನೆಂಟರು ಬಂದರು. ಅಂದರೆ ನೆಂಟರು ಬರಲಿಲ್ಲ, ಇವರೇ ಅವರ ಮನೆಗಳಿಗೆ ಹೋದರು. ದಾರಿಯಲ್ಲೇ ಇದ್ದಾರಲ್ಲ, ಮುಖ ತೋರಿಸಿ ಬರೋಣ ಅಂತ ಅಪ್ಪ. ಮುಖ ತೋರಿಸಿದ್ದೇ ತಪ್ಪಾಯಿತು. ಡ್ರೈವರ್ ಬಂದಿದ್ದಾನೆ, ಜೊತೆಗೆ ಗಾಡಿಯೂ ಬಂದಿದೆ ಅಂದರೆ ಯಾವ ನೆಂಟರು ಸುಮ್ಮನೆ ಬಿಡ್ತಾರೆ?

ಚಿಕ್ಕಪ್ಪ ಮನೆ ಬದಲಿಸುತ್ತಿದ್ದರು. ಹೇಗೂ ಗಾಡಿ ತಂದಿದ್ದೀಯಲ್ಲ ಅಂದರು. ಅಪ್ಪ ಆಯ್ತು ಅಂದ. ಪಾತ್ರೆ, ಹಾಸಿಗೆ, ಗಡಿಯಾರ ಎಲ್ಲ ಸಾಗಿಸುವಷ್ಟರಲ್ಲಿ ಕತ್ತಲಾಗಿ ಕೆರೆ ಹೋಯಿತು. ಮಾವನ ಮನೆಗೆ ಬಂದಿದ್ದವರನ್ನು ಬೆಳಗಿನ ಜಾವ ಸ್ಟೇಷನ್ನಿಗೆ ಬಿಡಬೇಕಿತ್ತು. ಅಪ್ಪ ಆಯ್ತು ಅಂದ. ಬೆಟ್ಟದ ಮೇಲೆ ಸೂರ್ಯ ಹುಟ್ಟುವಾಗ ಇವರೆಲ್ಲ ಪ್ಲಾಟ್‌ಫಾರ್ಮಿನಲ್ಲಿ ಕೈ ಬೀಸುತ್ತಾ ನಿಂತಿದ್ದರು. ಇವತ್ತು ಬೆಳಿಗ್ಗೆ ಚಿಕ್ಕಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ವಾಪಸ್ ತಂದು ಬಿಟ್ಟಿದ್ದಾಯಿತು. ಆಗಲೂ ಅಪ್ಪ ಆಯ್ತು ಅಂದಿದ್ದ. ಅಪ್ಪನ ಬಾಯಲ್ಲಿ ಅದೊಂದೇ ಮಾತು ಇರೋದು.

ಇನ್ನು ಉಳಿದದ್ದು ಜಲಪಾತ ಒಂದೇ. ಅದರ ಗೇಟು ಸಂಜೆ ಐದಕ್ಕೆ ಮುಚ್ಚುತ್ತೆ. ನಾಳೆ ಬೆಳಿಗ್ಗೆ ಅಪ್ಪನಿಗೆ ಡ್ಯೂಟಿ. ಇವತ್ತು ಬಿಟ್ಟರೆ ಇಲ್ಲ.

ಚಿಕ್ಕಮ್ಮನ ಮನೆಯಿಂದ ಹೊರಟು ಕಾರು ಹತ್ತಿದ ಕೂಡಲೇ ದೊಡ್ಡತ್ತೆಯ ಫೋನು ಬಂತು. ದೊಡ್ಡತ್ತೆ ಅಂದರೆ ಅಪ್ಪನ ಅಕ್ಕ. ಅವರ ಹೊಲಿಗೆ ಮಷಿನ್ನನ್ನು ಮಗಳ ಮನೆಗೆ ಸಾಗಿಸಬೇಕಂತೆ, ಸಂಜೆಗೆ ಬಂದುಬಿಡು ಅಂದರು.

ಅಪ್ಪ ಏನಂದಿರಬಹುದು? “ಆಯ್ತಕ್ಕ.”

ಅಷ್ಟೇ. ಪಟಪಟಿ ಮುಖ ಊದಿಸಿಕೊಂಡು ಕಿಟಕಿ ಕಡೆ ತಿರುಗಿದಳು. ಸಂಜೆಗೆ ದೊಡ್ಡತ್ತೆಯ ಮನೆ ಸೇರಬೇಕು ಅಂದರೆ ಜಲಪಾತದಲ್ಲಿ ಎಷ್ಟು ಹೊತ್ತು ಸಿಗುತ್ತೆ? ಕಾಲು ಒದ್ದೆಯಾಗುವಷ್ಟರಲ್ಲಿ ಹೊರಡಿ ಹೊರಡಿ ಅಂತಾರೆ. ಬೇಡ. ಅಷ್ಟು ಅಂದಿದ್ದರೆ ಮುಗೀತಿತ್ತು, ಎರಡೇ ಅಕ್ಷರ. ಗುಂಡನಿಗೂ ಬರುತ್ತೆ ಆ ಮಾತು, ದಿನಕ್ಕೆ ನೂರು ಸಲ ಹೇಳ್ತಾನೆ. ಇಷ್ಟು ದೊಡ್ಡ ಅಪ್ಪನಿಗೆ ಯಾಕೆ ಬರೋದಿಲ್ಲ?

ಬಿಸಿಲು ಸುಡುತ್ತಿತ್ತು. ರಸ್ತೆ ಎಲ್ಲೂ ತಿರುಗದೆ ಒಂದೇ ಸಮನೆ ಮುಂದಕ್ಕೆ ಹೋಗುತ್ತಿತ್ತು. ಅಪ್ಪ ಬಾಟಲಿಯ ನೀರನ್ನು ಅಂಗೈಗೆ ಸುರಿದುಕೊಂಡು ಮುಖಕ್ಕೆ ಹಚ್ಚಿಕೊಂಡ. ಕಿಟಕಿಯಿಂದ ತಲೆ ಹೊರಗೆ ಹಾಕಿ ಗಾಳಿ ಕುಡಿದ. ಯಾವುದಾದರೂ ಕತೆ ಹೇಳೇ ಅಂತ ಒಂದು ಸಲ ಕೇಳಿದ. ಅವಳು ಕೇಳಿಸದವಳ ಹಾಗೆ ಕೂತಳು. ಸ್ವಲ್ಪ ಹೊತ್ತಿನ ಮೇಲೆ, ಮಗ್ಗಿಯಾದರೂ ಹೇಳು ಅಂದ. ಅದಕ್ಕೂ ಇವಳು ತುಟಿ ಬಿಚ್ಚಲಿಲ್ಲ. ಆಮೇಲೆ ಅಪ್ಪ ಏನೂ ಕೇಳಲಿಲ್ಲ.

ಎಷ್ಟು ದೂರ ಹೋದರೋ. ಕಾರು ಮೆಲ್ಲಗೆ ರಸ್ತೆಯ ಅಂಚಿಗೆ ಬಂದು ನಿಂತಿತು.

ಪಟಪಟಿ ನೋಡಿದಳು. ಬಸ್ ಸ್ಟಾಪು. ಹಿಂದೆ ಒಂದು ಹುಣಸೆ ಮರ, ಅದರಾಚೆ ಕೈ ಪಂಪು. ಬೆಂಚಿನ ಕೆಳಗೆ ಒಂದು ನಾಯಿ ಮಲಗಿತ್ತು, ಅಷ್ಟೆ. ಹತ್ತೋರು ಇಲ್ಲ, ಇಳಿಯೋರು ಇಲ್ಲ.

ಈ ಸಲ ಅಪ್ಪ ನಾಲಿಗೆ ಕಚ್ಚಿಕೊಳ್ಳಲಿಲ್ಲ. ಗೇರನ್ನು ನ್ಯೂಟ್ರಲ್ಲಿಗೆ ತಂದ. ಹ್ಯಾಂಡ್ ಬ್ರೇಕ್ ಎಳೆದ. ಕತ್ತೆತ್ತಿ ಕನ್ನಡಿ ನೋಡಿದ. ನೋಡುತ್ತಲೇ ಇದ್ದ. ಕಣ್ಣು ತೆರೆದೇ ಇತ್ತು, ಆದರೆ ಆ ಕಣ್ಣಿಗೆ ಗುಂಡನೂ ಕಾಣುತ್ತಿರಲಿಲ್ಲ, ಅಮ್ಮನೂ ಕಾಣುತ್ತಿರಲಿಲ್ಲ. ಒಂದು ಕೈ ಗೇರಿನ ಮೇಲೇ ಇತ್ತು. ಎಂಜಿನ್ ಗುರುಗುಟ್ಟುತ್ತಿತ್ತು. ಅಪ್ಪ ಕಾಯುತ್ತಿದ್ದ.

ಏನಕ್ಕೆ ಕಾಯ್ತಿದ್ದಾನೆ ಅಂತ ಪಟಪಟಿಗೆ ಗೊತ್ತಾಯಿತು. ಅಪ್ಪ ಕಂಡಕ್ಟರಿಗೆ ಕಾಯುತ್ತಿದ್ದ.

ಈಗ “ರೈಟ್” ಅಂದರೆ ಸಾಕು, ಅಪ್ಪ ಹೊರಟುಬಿಡ್ತಾನೆ. ಖಂಡಿತ ಹೊರಡ್ತಾನೆ. ಜಲಪಾತ ಇನ್ನೇನು ಒಂದು ಗಂಟೆ ದಾರಿ, ಗೇಟು ತೆರೆದಿರುತ್ತೆ. ಮಾತು ನಾಲಿಗೆಯ ತುದಿಗೇ ಬಂದಿತ್ತು.

ಅಪ್ಪನ ಕಣ್ಣು ನೋಡಿದಳು. ಕೆಂಪಗಾಗಿ, ಅಂಚಿನಲ್ಲಿ ನೀರು ಕಟ್ಟಿತ್ತು. ಇದೇ ಕಣ್ಣು ಇಟ್ಟುಕೊಂಡು ಇಷ್ಟು ದೂರ ಓಡಿಸಿದ್ನಾ? ಎದುರಿಗೆ ಎಷ್ಟು ಲಾರಿ ಬಂದುಹೋದವು! ಅವಳು ನಿಧಾನವಾಗಿ ಕೈ ಚಾಚಿ ಕೀಲಿ ತಿರುಗಿಸಿದಳು. ಎಂಜಿನ್ ನಿಂತಿತು.

ಅಪ್ಪನ ಗದ್ದ ಎದೆಗೆ ಬಿತ್ತು. ಮರುಕ್ಷಣಕ್ಕೆ ಗೊರಕೆ.

ಸದ್ದು ನಿಂತದ್ದಕ್ಕೆ ಅಮ್ಮನಿಗೆ ಎಚ್ಚರವಾಯಿತು. ಏನಾಯ್ತು, ಫಾಲ್ಸ್ ಬಂತಾ ಅಂತ ಕೇಳಿದಳು. ಪಟಪಟಿ ನಡೆದದ್ದನ್ನೆಲ್ಲ ಪಿಸುದನಿಯಲ್ಲಿ ಹೇಳಿದಳು. ತಾನು ಬೇಕಂತಲೇ ಮಾತಾಡದೆ ಕೂತಿದ್ದನ್ನೂ ಹೇಳಿದಳು. ಅಮ್ಮ ಬೈಯಲಿಲ್ಲ. ಅಪ್ಪನ ಹಣೆಯ ಬೆವರನ್ನು ಸೆರಗಿನಲ್ಲಿ ಒರೆಸಿ, ಸೀಟನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸಿದಳು. ಅಷ್ಟಾದರೂ ಅಪ್ಪ ಕದಲಲಿಲ್ಲ.

“ನಾನೂ ನಿದ್ದೆ ಮಾಡಿಬಿಟ್ಟೆ ನೋಡು,” ಅಂದಳು ಅಮ್ಮ. ಆಮೇಲೆ, ಅಪ್ಪ ಏಳೋವರೆಗೂ ಯಾರೂ ಎಬ್ಬಿಸೋದು ಬೇಡ ಅಂದಳು. ಅಷ್ಟರಲ್ಲಿ ಗುಂಡ ಎದ್ದು ನೀರು ನೀರು ಅಂತ ರಾಗ ತೆಗೆದ. ಅಮ್ಮ ಅವನ ಬಾಯಿ ಮುಚ್ಚಿಸಿ ಕೈ ಪಂಪಿನ ಕಡೆ ಕರೆದುಕೊಂಡು ಹೋಗಿ, ಅಲ್ಲೇ ಆಡಿಸುತ್ತಾ ಉಳಿದಳು.

ಪಟಪಟಿ ಅಪ್ಪನ ಪಕ್ಕದಲ್ಲೇ ಕೂತಳು. ಹಳೇ ಪೇಪರು ಮಡಚಿ ಗಾಳಿ ಬೀಸಿದಳು. ಹುಣಸೆ ಮರದ ನೆರಳು ಕಾರಿನ ಬಾನೆಟ್ಟಿನಿಂದ ಜಾರಿ ಬಾಗಿಲಿಗೆ ಬಂತು, ಬಾಗಿಲಿನಿಂದ ಹಿಂದಕ್ಕೆ ಹೋಯಿತು. ಜಲಪಾತ ಹೋಯಿತು ಅಂತ ಅವಳಿಗೆ ಗೊತ್ತಿತ್ತು. ಅಳು ಬಂತು. ಬೇಡ ಅಂದರೂ ಕಣ್ಣೀರು ಕೇಳಬೇಕಲ್ಲ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಒಬ್ಬಳೇ ಅತ್ತಳು. ಕ್ಲಾಸಿನಲ್ಲಿ ಎಲ್ಲರೂ ಕೇಳ್ತಾರೆ. ಏನು ಹೇಳೋದು, ಚಿಕ್ಕಪ್ಪನ ಹಾಸಿಗೆ ನೋಡಿದೆ ಅಂತಲಾ?

ಆಗ ಫೋನು ಝಣಗುಟ್ಟಿತು. ಅಪ್ಪ ನಿದ್ದೆಯಲ್ಲೇ ಹುಬ್ಬು ಗಂಟಿಕ್ಕಿದ. ಪಟಪಟಿ ತಟ್ಟನೆ ಫೋನು ಕಸಿದುಕೊಂಡು ಕಾರಿನಿಂದ ಇಳಿದಳು.

ದೊಡ್ಡತ್ತೆ. ಎಲ್ಲಿದ್ದೀರಿ, ಮಷಿನ್ನು ಆಗಲೇ ಬಾಗಿಲಿಗೆ ತಂದಿಟ್ಟಿದ್ದೇನೆ, ಮಗಳು ಕಾಯ್ತಿದ್ದಾಳೆ, ಅಪ್ಪನಿಗೆ ಕೊಡು ಅಂದರು.

“ಅಪ್ಪ ಮಲಗಿದ್ದಾನೆ ದೊಡ್ಡತ್ತೆ.”

“ಈ ಹೊತ್ತಲ್ಲಾ? ಎಬ್ಬಿಸೇ, ಒಂದೇ ನಿಮಿಷ.”

“ಎಬ್ಬಿಸಲ್ಲ.” ಪಟಪಟಿ ಕಾರಿನಿಂದ ಇನ್ನಷ್ಟು ದೂರ ಸರಿದಳು. “ಇವತ್ತು ನಾವು ಬರೋದಿಲ್ಲ.”

“ಯಾರು ಹಾಗಂದಿದ್ದು? ಅಪ್ಪನಾ, ಅಮ್ಮನಾ?”

“ನಾನು.”

ಆಮೇಲೆ ಶುರುವಾಯಿತು ನೋಡಿ. ಮೊಳದುದ್ದ ಇದ್ದೀಯ, ದೊಡ್ಡವರ ಮಾತಲ್ಲಿ ನಿನಗೇನು ಕೆಲಸ, ಅವನನ್ನು ಎತ್ತಿ ಆಡಿಸಿದವಳು ನಾನು, ನನಗೇ ಇಲ್ಲ ಅನ್ನೋಷ್ಟು ದೊಡ್ಡವರಾದಿರಾ ಅಂತ ದೊಡ್ಡತ್ತೆ ಬೈದೇ ಬೈದರು. ಪಟಪಟಿ ಪೂರ್ತಿ ಕೇಳಿಸಿಕೊಂಡಳು. ಕೊನೆಗೆ ಮತ್ತೆ ಅದೇ ಹೇಳಿದಳು, ಇವತ್ತು ಬರೋದಿಲ್ಲ, ಅಪ್ಪನಿಗೆ ತುಂಬಾ ಸುಸ್ತಾಗಿದೆ ಅಂತ. ಫೋನು ಕಟ್ಟಾಯಿತು.

ಅವಳು ಬೆಂಚಿನ ಮೇಲೆ ಕುಸಿದು ಕೂತಳು. ಕೈ ಬೆವೆತು ಫೋನು ಜಾರುತ್ತಿತ್ತು. ಬೇಡ ಅನ್ನೋದು ಇಷ್ಟು ಕಷ್ಟವಾ? ಅವಳು ಹೇಳಿದ್ದು ಒಂದೇ ಸಲ. ಅಪ್ಪ ಪ್ರತಿ ಮನೆಯಲ್ಲೂ ಹೇಳಬೇಕಿತ್ತು. ಬೆಂಚಿನ ಕೆಳಗಿದ್ದ ನಾಯಿ ಒಂದು ಕಣ್ಣು ತೆರೆದು ಅವಳನ್ನು ನೋಡಿ ಮತ್ತೆ ಮುಚ್ಚಿಕೊಂಡಿತು.

ಅಪ್ಪ ಎದ್ದಾಗ ಬಿಸಿಲು ಹಳದಿಯಾಗಿತ್ತು. ಅವನು ಮೊದಲು ಆಕಾಶ ನೋಡಿದ, ಆಮೇಲೆ ಗಡಿಯಾರ, ಆಮೇಲೆ ಪಟಪಟಿಯನ್ನು.

“ಎಬ್ಬಿಸಬೇಕಿತ್ತಲ್ಲೇ. ಗೇಟ್ ಮುಚ್ಚಿರ್ತಾರೆ.”

“ಹೂಂ,” ಅಂದಳು ಅವಳು.

ಅಪ್ಪ ಎರಡೂ ಕೈಯಿಂದ ಮುಖ ಉಜ್ಜಿಕೊಂಡ. ಆಮೇಲೆ ನೆನಪಾಗಿ ಸೀಟಿನ ಮೇಲೆಲ್ಲ ತಡಕಾಡಿ ಫೋನು ಹುಡುಕಿದ. ಪಟಪಟಿ ಫೋನು ಕೊಟ್ಟಳು. ದೊಡ್ಡತ್ತೆ ಮಾಡಿದ್ದರು, ಬರೋದಿಲ್ಲ ಅಂದುಬಿಟ್ಟೆ ಅಂದಳು. ಹೇಳಿ ತಲೆ ತಗ್ಗಿಸಿ ನಿಂತಳು. ಇನ್ನು ಅಪ್ಪನ ಕೈಲೂ ಬೈಸಿಕೊಂಡರೆ ಮುಗೀತು.

ಅಪ್ಪ ಕೈ ಪಂಪಿನ ಕಡೆ ನೋಡಿದ. ಅಮ್ಮ ದೂರದಲ್ಲಿದ್ದಳು. ಅವನು ಬಾಗಿಲಿನಿಂದ ಮುಂದಕ್ಕೆ ಬಾಗಿ, ತೀರಾ ಸಣ್ಣ ದನಿಯಲ್ಲಿ ಕೇಳಿದ:

“ಅಕ್ಕ ತುಂಬಾ ಬೈದ್ಲಾ?”

ಪಟಪಟಿ ತಲೆಯೆತ್ತಿದಳು. ಲೋಟ ಒಡೆದ ದಿನ ಗುಂಡ ಬಾಗಿಲ ಹಿಂದೆ ನಿಂತು ಅಮ್ಮನ ಬಗ್ಗೆ ಕೇಳೋದು ಹೀಗೇ. ಅಷ್ಟು ದೊಡ್ಡ ಬಸ್ಸನ್ನು ಕಿರಿದಾದ ಬೀದಿಯಲ್ಲಿ ಒಂದೇ ಏಟಿಗೆ ತಿರುಗಿಸುವ ಅಪ್ಪ, ದೊಡ್ಡತ್ತೆಗೆ ಹೆದರುತ್ತಿದ್ದ. ಚಿಕ್ಕಪ್ಪನಿಗೂ ಹೆದರಿದ್ದ, ಮಾವನಿಗೂ ಹೆದರಿದ್ದ. ಇದು ಅವಳಿಗೆ ಇಷ್ಟು ದಿನ ಹೊಳೆದೇ ಇರಲಿಲ್ಲ.

ಅವಳು ಹತ್ತಿರ ಹೋಗಿ ಅಪ್ಪನ ತೋಳಿನ ಮೇಲೆ ಕೈಯಿಟ್ಟಳು.

“ಬೈದ್ರು. ಆದ್ರೆ ನನಗೆ ಬೈದ್ರು ಅಪ್ಪ, ನಿನಗಲ್ಲ.”

ಅಪ್ಪ ಉದ್ದಕ್ಕೆ ಉಸಿರು ಬಿಟ್ಟ. ಆಮೇಲೆ, ಇನ್ನೊಂದು ಹತ್ತು ನಿಮಿಷ ಮಲಗಲಾ ಅಂತ ಕೇಳಿದ.

“ಮಲ್ಕೋ,” ಅಂದಳು ಪಟಪಟಿ, ಮತ್ತೆ ಪೇಪರು ಕೈಗೆತ್ತಿಕೊಂಡು ಗಾಳಿ ಬೀಸತೊಡಗಿದಳು.