ಎಲೆಯ ಮೇಲಿನ ಕೈ

ಹಾಸಿಗೆಯ ತಲೆಭಾಗದಲ್ಲಿ, ಸಲೈನ್ ಬಾಟಲಿಯ ಪಕ್ಕಕ್ಕೆ, ಊಟದ ತಟ್ಟೆಯಷ್ಟು ಅಗಲದ ಕಪ್ಪು ಬಿಲ್ಲೆಯೊಂದು ತೂಗುತ್ತಿತ್ತು. ಹಾಲೇಶ ಬಾಯಿ ತೆರೆದಾಗಲೆಲ್ಲ ಅದರ ಅಂಚಿನಲ್ಲಿ ದೀಪ ಮಿನುಗುತ್ತಿತ್ತು. ಬೆಳಗಿನ ಗಂಜಿಯ ಎರಡನೇ ಚಮಚಕ್ಕೆ ಅವನು "ಸಾಕು" ಎಂದ. ದೀಪ ಕೆಂಪಗಾಯಿತು. ಬಿಲ್ಲೆಯ ಮೇಲಿನ ಅಂಕಿ ಇಪ್ಪತ್ತಮೂರರಿಂದ ಇಪ್ಪತ್ತೆರಡಕ್ಕೆ ಇಳಿಯಿತು.

"ಇನ್ನೊಂದೇ ಒಂದು ಚಮಚ ರೀ," ಎಂದಳು ಹೆಂಡತಿ ದಾಕ್ಷಾಯಿಣಿ.

"ಸಾಕು ದಾಕ್ಷಿ."

ಇಪ್ಪತ್ತೊಂದು. ಅವಳು ಚಮಚವನ್ನು ತುಟಿಗೆ ಹಿಡಿದೇ ಹಿಡಿದಳು. ಅವನು ಕುಡಿದ. ಆಮೇಲೆ ಇನ್ನೂ ಆರು ಚಮಚ ಕುಡಿದ. ಬಿಲ್ಲೆ ಅದನ್ನೇನೂ ಗಮನಕ್ಕೆ ತೆಗೆದುಕೊಳ್ಳಲಿಲ್ಲ.

ಆ ಬಿಲ್ಲೆಯ ಹೆಸರು ಇಂಗಿತಮಾಪಕ. ಮನುಷ್ಯನ ಒಳಗಿನ ಇಚ್ಛೆಯನ್ನು ಅಳೆಯುವ ಯಂತ್ರ. ರೋಗಿಯ ಮಾತನ್ನು ಅದು ಕೇಳಿಸಿಕೊಂಡು, ಅದೇ ಕ್ಷಣದ ನಾಡಿಬಡಿತ, ಕಣ್ಣಪಾಪೆಯ ಅಗಲ, ಚರ್ಮದ ಬೆವರು ಇವುಗಳ ಜೊತೆ ತಾಳೆ ನೋಡುತ್ತಿತ್ತು. ದಣಿದ ರೋಗಿಗಳು ಪೂರ್ತಿ ವಾಕ್ಯ ಆಡಲಾರರು ಎಂಬ ಕಾರಣಕ್ಕೆ, ವಾಕ್ಯ ಬಿಟ್ಟು ಅದರ ಮುಖ್ಯ ಪದವನ್ನು ಮಾತ್ರ ಹಿಡಿಯುವಂತೆ ಅದನ್ನು ರೂಪಿಸಿದ್ದರು. ಇದಕ್ಕೆ ಪದಗ್ರಹಣ ಎಂದು ಹೆಸರಿಟ್ಟಿದ್ದರು. "ಬೇಕು", "ಹೂಂ", "ಆಗಲಿ" ಎಂದರೆ ಅಂಕ ಏರುತ್ತಿತ್ತು. "ಬೇಡ", "ಸಾಕು", "ಬಿಡಿ" ಎಂದರೆ ಇಳಿಯುತ್ತಿತ್ತು. ಹಿಂದೆಲ್ಲ ಮನೆಯವರು ಸಹಿ ಹಾಕಿದರೆ ಮುಗಿಯಿತು, ರೋಗಿಗೆ ಇಷ್ಟವೋ ಇಲ್ಲವೋ ಕೇಳುವವರಿರಲಿಲ್ಲ. ಈಗಿನ ಕಾನೂನಿನ ಪ್ರಕಾರ ಇಂಗಿತಾಂಕ ಅರವತ್ತು ಮುಟ್ಟದೆ ಯಾರ ಎದೆಯನ್ನೂ ತೆರೆಯುವಂತಿರಲಿಲ್ಲ.

ಹಾಲೇಶನ ಹೃದಯದ ಕವಾಟಕ್ಕೆ ಸೋಂಕು ತಗುಲಿ ಎಪ್ಪತ್ತು ದಿನವಾಗಿತ್ತು. ಔಷಧಿಗೆ ಸೋಂಕು ತಗ್ಗಿದರೂ ಕವಾಟ ಹರಿದುಹೋಗಿತ್ತು. ಅದನ್ನು ಬದಲಿಸಲು ಹೋದರೆ ಹತ್ತರಲ್ಲಿ ಮೂವರು ಉಳಿಯುವುದಿಲ್ಲ ಎಂದು ಸರ್ಜನ್ ಹೇಳಿದ್ದರು. ಬದಲಿಸದಿದ್ದರೆ ಇನ್ನು ನಾಲ್ಕೈದು ದಿನ, ಅಷ್ಟೇ ಎಂದೂ ಹೇಳಿದ್ದರು. ಆಪರೇಷನ್ ನಾಳೆ ಬೆಳಗ್ಗೆ ಎಂಟಕ್ಕೆ ನಿಗದಿಯಾಗಿತ್ತು.

ಹತ್ತು ಗಂಟೆಗೆ ಸಿಸ್ಟರ್ ಒಂದು ಕಾಗದ ತಂದುಕೊಟ್ಟರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ದಾಕ್ಷಾಯಿಣಿ ಅದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. 'ರೋಗಿಯು ಶಸ್ತ್ರಚಿಕಿತ್ಸೆಗೆ ಇಚ್ಛಿಸುವುದಿಲ್ಲ. ಪಟ್ಟಿಯಿಂದ ಹೆಸರನ್ನು ತೆಗೆಯಲಾಗಿದೆ.'

"ಯಾರು ಹೇಳಿದ್ದು ಇಚ್ಛೆ ಇಲ್ಲ ಅಂತ?"

"ಮಾಪಕ ಹೇಳಿದೆ ಕಣಮ್ಮ. ನಾವೂ ಕೇಳಿದ್ವಿ, ಮೂರು ಸಲ. ಮೂರು ಸಲಾನೂ 'ಸಾಕು ಬಿಡಿ ಸಿಸ್ಟರ್' ಅಂದ್ರು. ನೀವೂ ಇಲ್ಲೇ ಇದ್ರಲ್ಲ?"

ಇದ್ದಳು. ಹಾಗೆನ್ನುವಾಗ ಗಂಡ ಸಿಸ್ಟರ್ ಮುಖ ನೋಡಿರಲಿಲ್ಲ. ರಾತ್ರಿ ಅವಳು ನೆಲದ ಮೇಲೆ ಹಾಸಿಕೊಳ್ಳುತ್ತಿದ್ದ, ಮಂಚದ ಕೆಳಗೆ ಸುತ್ತಿಟ್ಟಿದ್ದ ಚಾಪೆಯನ್ನು ನೋಡಿದ್ದ. ಅದನ್ನು ಅವಳು ಗಮನಿಸಿದ್ದಳು. ಬಾಯಿ ಬಿಟ್ಟು ಹೇಳಿರಲಿಲ್ಲ, ಅಷ್ಟೇ. ದೊಡ್ಡವರ ಎದುರು ಮಾತಾಡಿ ಅವಳಿಗೆ ರೂಢಿಯಿರಲಿಲ್ಲ.

"ನಾಳೆ ಆ ಹೊತ್ತಿಗೆ ಯಾರು ಹಾಗಾದ್ರೆ?"

ಸಿಸ್ಟರ್ ಪಕ್ಕದ ಹಾಸಿಗೆಯ ಕಡೆ ಗದ್ದ ಎತ್ತಿ ತೋರಿಸಿದರು. ಅಲ್ಲಿ ಗುರುಸಿದ್ದವ್ವ ಎಂಬ ಎಂಬತ್ತೊಂದರ ಅಜ್ಜಿ ಮಲಗಿದ್ದಳು. ಎರಡು ಸಲ ಎದೆ ತೆರೆಸಿಕೊಂಡವಳು, ಮೂರನೆಯದಕ್ಕೆ ಕಾಯುತ್ತಿದ್ದಳು. ಅವಳ ಬಿಲ್ಲೆ ಸದಾ ಹಸಿರು. ಸೂಜಿ ಚುಚ್ಚುತ್ತೇವೆ ಎಂದರೂ "ಆಗಲಿ", ಮಗ ಫೋನಿನಲ್ಲಿ ಏನು ಹೇಳಿದರೂ "ಆಗಲಿ". ಅಂಕ ತೊಂಬತ್ತೊಂದು.

ದಾಕ್ಷಾಯಿಣಿಯ ಕಿವಿ ಬಿಸಿಯಾಯಿತು. ಸೆರಗು ಸಿಕ್ಕಿಸಿಕೊಂಡು, ಲಿಫ್ಟಿಗೂ ಕಾಯದೆ ಮೂರು ಮಹಡಿ ಹತ್ತಿದಳು.

ಇಂಗಿತಮಾಪಕವನ್ನು ಕಂಡುಹಿಡಿದ ಡಾಕ್ಟರ್ ಶ್ರೀಪಾದ ಕಟ್ಟಿ ಧಾರವಾಡದ ಕಡೆಯವರು. ಅವಳು ಬಾಗಿಲು ತಳ್ಳಿದಾಗ ಅವರು ಮೇಜಿನ ಮೇಲೆ ಡಬ್ಬಿ ಬಿಚ್ಚಿ, ತಟ್ಟೆಯಿಟ್ಟುಕೊಂಡು ತಿಂಡಿಗೆ ಕೂತಿದ್ದರು. ಪಕ್ಕದಲ್ಲಿ ಪರೀಕ್ಷೆಗೆಂದು ಇಟ್ಟುಕೊಂಡ ಇನ್ನೊಂದು ಬಿಲ್ಲೆ ಮಿನುಗುತ್ತಿತ್ತು.

ಅವಳು ಕಾಗದ ಚಾಚಿದಳು. ಕಟ್ಟಿಯವರು ಓದಿ ನಿಟ್ಟುಸಿರು ಬಿಟ್ಟರು.

"ನೋಡು ತಂಗಿ, ನಿನ್ನ ಸಂಕಟ ನನಗೆ ತಿಳೀತದ. ಆದ್ರ ನಿನ್ನ ಗಂಡಗ ಬ್ಯಾಡಾಗೇದ. ನಮ್ಮಪ್ಪಗೂ ಬ್ಯಾಡಾಗಿತ್ತು. ನಾವು ಮಕ್ಕಳು ಕೇಳಲಿಲ್ಲ, ಸಹಿ ಹಾಕಿ ಒಳಗ ಕಳಿಸಿದ್ವಿ. ಮೇಜಿನ ಮ್ಯಾಲೇ ಹೋದ್ರು. ಅವತ್ತು ಒಳಗ ಹೋಗೋವಾಗ ಅವರು ನನ್ನ ನೋಡಿದ ನೋಟಕ್ಕ ಈ ಯಂತ್ರ ಮಾಡೀನಿ. ಇದು ಸುಳ್ಳು ಹೇಳೂದಿಲ್ಲ. ಸಾಕು ಅನ್ನೋವಾಗ ಅವನ ನಾಡಿ ಒಂಚೂರೂ ಅಳ್ಳಾಡಿಲ್ಲ."

ಅವಳು ಅವರ ಡಬ್ಬಿಯನ್ನೇ ನೋಡುತ್ತಿದ್ದಳು. ಮೇಲಿನ ಪಾತ್ರೆಯಲ್ಲಿ ಚಿತ್ರಾನ್ನ ಅರ್ಧ ಉಳಿದಿತ್ತು. ಥಟ್ಟನೆ ಮುಂದೆ ಬಂದು ಚಮಚ ತೆಗೆದುಕೊಂಡು ಅವರ ತಟ್ಟೆಗೆ ಬಡಿಸಿದಳು.

"ಏ ಏ, ಸಾಕು ತಂಗಿ!"

ಬಿಲ್ಲೆ ಕೆಂಪಗಾಯಿತು. ಅವಳು ಇನ್ನೊಂದು ಚಮಚ ಹಾಕಿದಳು.

"ಸಾಕು, ಸಾಕಂದ್ನಲ್ಲ!"

ಮತ್ತೆ ಕೆಂಪು. ಅವಳು ಚಮಚ ಕೆಳಗಿಟ್ಟು ಕೈಕಟ್ಟಿ ನಿಂತಳು. ಏನು ಮಾಡುವುದೆಂದು ತೋಚದೆ ಕಟ್ಟಿಯವರು ಒಂದು ತುತ್ತು ಉಂಡರು. ಇನ್ನೊಂದು. ತಟ್ಟೆ ಖಾಲಿಯಾಯಿತು.

"ನಾನು ಮದುವೆ ಮನೇಲಿ ಬಡಿಸೋಳು ಸರ್," ಎಂದಳು ದಾಕ್ಷಾಯಿಣಿ. ದನಿ ನಡುಗುತ್ತಿತ್ತು, ಆದರೆ ನಿಲ್ಲಲಿಲ್ಲ. "ಹನ್ನೆರಡು ವರ್ಷದಿಂದ ಇದೇ ಕೆಲಸ. ಪಂಕ್ತೀಲಿ ಸಾಕು ಅನ್ನದೇ ಇರೋರು ಒಬ್ಬರೂ ಇಲ್ಲ. ಹಾಗಂತ ನಾನು ಮುಂದೆ ಹೋಗಿಬಿಟ್ರೆ ಅರ್ಧ ಜನ ಹಸ್ಕೊಂಡು ಏಳ್ತಾರೆ. ನಾವು ಬಾಯಿ ನೋಡಲ್ಲ ಸರ್, ಕೈ ನೋಡ್ತೀವಿ. ಎಲೆ ಮೇಲೆ ಕೈ ಅಡ್ಡ ಬಂತೋ, ಅದು ನಿಜವಾದ ಸಾಕು. ನಿಮ್ಮ ಕೈ ಎಲ್ಲಿತ್ತು?"

ಕಟ್ಟಿಯವರು ತಮ್ಮ ಎಡಗೈ ನೋಡಿಕೊಂಡರು. ಅದು ತೊಡೆಯ ಮೇಲಿತ್ತು.

"ನಮ್ಮೋರು ಶಾಮಿಯಾನ ಕಟ್ಟೋರು. ಒಂದು ಮದುವೇಲಿ ಐದು ಸಲ ಸಾಕು ಅಂದು ಐದು ಹೋಳಿಗೆ ತಿಂದ್ರು. ಅವತ್ತೇ ನನಗೆ ಅವರು ಯಾರು ಅಂತ ಗೊತ್ತಾಗಿದ್ದು. ಎಪ್ಪತ್ತು ದಿನದಿಂದ ಅವರ ಸಾಕು ಕೇಳ್ತಿದ್ದೀನಿ. ಒಂದು ಸಲಾನೂ ಕೈ ಅಡ್ಡ ಬಂದಿಲ್ಲ. ನಿಮ್ಮ ಈ ಕಪ್ಪು ಬಿಲ್ಲೆಗೆ ಅದು ಕಾಣ್ಸಲ್ವಾ? ಅವರು ಏನೇನಂದ್ರು ಅಂತ ಪೂರ್ತಿ ಹಾಕಿ, ಕೇಳೋಣ."

ಅವರು ತಡೆಯಲಿಲ್ಲ. ಮಾಪಕದ ಸ್ಮೃತಿಕೋಶದಲ್ಲಿ ರೋಗಿಯ ಪ್ರತಿಯೊಂದು ಮಾತೂ ದಾಖಲಾಗಿರುತ್ತಿತ್ತು. ಆದರೆ ಪದಗ್ರಹಣ ಆದ ಮೇಲೆ ಉಳಿದ ವಾಕ್ಯವನ್ನು ಯಾರೂ ಕೇಳುತ್ತಿರಲಿಲ್ಲ. ಕಟ್ಟಿಯವರು ಹಾಲೇಶನ ಕೆಂಪು ಗುರುತುಗಳನ್ನು ಒಂದೊಂದಾಗಿ ತೆರೆದರು.

"ಸಾಕು ದಾಕ್ಷಿ, ನೀನು ಉಣ್ಣು." ಇಚ್ಛೆ ಇಲ್ಲ ಎಂದು ಗುರುತಾಗಿತ್ತು.

"ಕಾಲು ಒತ್ತಿದ್ದು ಸಾಕು, ಕೈ ನೋಯುತ್ತೆ ನಿನಗೆ." ಇಚ್ಛೆ ಇಲ್ಲ.

"ನೀನೊಬ್ಬಳಿದ್ರೆ ಸಾಕು." ಇಚ್ಛೆ ಇಲ್ಲ.

ಆಮೇಲೆ ಒಂದು ಮಧ್ಯಾಹ್ನದ್ದು ಬಂತು. ಅವಳು ಬಿಸಿನೀರು ತರಲು ಕೆಳಗೆ ಹೋಗಿದ್ದಾಗಿನದು. ವಾರ್ಡಿನ ಫ್ಯಾನಿನ ಸದ್ದು, ಉಬ್ಬಸದ ಉಸಿರು. ತನ್ನಷ್ಟಕ್ಕೆ ತಾನೇ ಆಡಿಕೊಂಡ ಮಾತು.

"ಬದುಕಿದ್ರೆ ಸಾಕಪ್ಪಾ... ಬದುಕಿದ್ರೆ ಸಾಕು."

ಇಚ್ಛೆ ಇಲ್ಲ. ಇಚ್ಛೆ ಇಲ್ಲ. ಎರಡು ಅಂಕ ಕಡಿತ.

"ಇದನ್ನ ಬೇಡ ಅಂತ ಬರ್ಕೊಂಡ್ರಾ?" ಎಂದಳು ಅವಳು. ಈಗ ದನಿ ನಡುಗುತ್ತಿರಲಿಲ್ಲ. "ಇಷ್ಟು ಓದಿದೋರು ನೀವು, ಇಷ್ಟು ದೊಡ್ಡ ಮಿಷನ್ನು. ಬದುಕಿದ್ರೆ ಸಾಕು ಅಂತ ಮನುಷ್ಯ ಒಬ್ಬನೇ ಬೇಡ್ಕೊಂಡಿದ್ದನ್ನ ಬದುಕೋದು ಬೇಡ ಅಂತ ಬರ್ಕೊಂಡ್ರಾ? ನಿಮ್ಮನೇಲಿ ಯಾರೂ ಕನ್ನಡ ಮಾತಾಡಲ್ವಾ?"

ಕಟ್ಟಿಯವರು ಎದ್ದರು. ಬಾಯಿ ತೊಳೆದುಕೊಳ್ಳುವುದನ್ನೂ ಮರೆತು ಅವಳ ಹಿಂದೆ ಮೆಟ್ಟಿಲು ಇಳಿದರು.

ಹಾಸಿಗೆಯ ಬಳಿ ದಾಕ್ಷಾಯಿಣಿ ಗಂಡನ ಮೇಲೆ ಬಾಗಿದಳು. "ನನ್ನ ಚಾಪೆ ನೋಡ್ಬೇಡ್ರಿ. ನನಗೇನು ಬೇಕು ಅಂತ ಇವರು ಕೇಳ್ತಿಲ್ಲ. ನಿಮಗೆ ಬೇಕಾ?"

ಹಾಲೇಶ ಒಮ್ಮೆ ಅವಳನ್ನು, ಒಮ್ಮೆ ಬಿಲ್ಲೆಯನ್ನು ನೋಡಿದ. "ನಿನಗೆ ಆಗಿದ್ದೇ ಸಾಕು..." ಎಂದ. ದೀಪ ಕೆಂಪಗಾಯಿತು. ಆದರೆ ಸೂಜಿ ಚುಚ್ಚಿದ್ದ ಅವನ ಕೈ ಹೊದಿಕೆಯಿಂದ ಹೊರಗೆ ಬಂದು ಮೆಲ್ಲಗೆ ಅಂಗಾತವಾಯಿತು. ಬಡಿಸಿಕೊಳ್ಳುವವರ ಕೈಯಂತೆ.

ಕಟ್ಟಿಯವರು ಜೇಬಿನಿಂದ ಪೆನ್ನು ತೆಗೆದರು. ಆ ಕಾಗದದ ಮೇಲೆ ಅಡ್ಡಗೆರೆ ಎಳೆದು, ಕೆಳಗೆ ಮಾಪಕದ ಲೆಕ್ಕ ತಪ್ಪು, ಹೊಣೆ ತಮ್ಮದೇ ಎಂದು ಬರೆದು ಸಹಿ ಹಾಕಿದರು.

ಆಪರೇಷನ್ ಏಳು ಗಂಟೆ ನಡೆಯಿತು. ನಡುವೆ ಒಮ್ಮೆ ಹೃದಯ ಮತ್ತೆ ಬಡಿಯಲು ಒಪ್ಪಲಿಲ್ಲವಂತೆ. ಅದನ್ನು ಅವಳಿಗೆ ಹೇಳಿದ್ದು ಮಾರನೇ ದಿನ. ನಾಲ್ಕನೇ ದಿನ ಹಾಲೇಶ ಕಣ್ಣು ಬಿಟ್ಟು, ಗಂಟಲಿನ ಕೊಳವೆ ತೆಗೆದ ಮೇಲೆ, ಹೋಳಿಗೆ ಎಂದು ತುಟಿ ಅಲ್ಲಾಡಿಸಿದ. ಅವಳು ನಗುತ್ತ ಅತ್ತಳು.

ಆ ಮಧ್ಯಾಹ್ನ ಚಾಪೆ, ಫ್ಲಾಸ್ಕು ತರಲೆಂದು ಅವಳು ಹಳೆಯ ವಾರ್ಡಿಗೆ ಹೋದಳು. ಗುರುಸಿದ್ದವ್ವಜ್ಜಿಯ ಗಂಜಿ ಹಾಗೇ ಆರುತ್ತಿತ್ತು. ಹಾಲೇಶನಿಂದಾಗಿ ಮುಂದಕ್ಕೆ ಹೋಗಿದ್ದ ಅಜ್ಜಿಯ ಸರದಿ ನಾಳೆ.

"ಕುಡಿಸ್ಲಾ ಅಜ್ಜಿ?"

"ಆಗಲಿ ನನ್ನವ್ವ."

ಬಿಲ್ಲೆ ಹಸಿರಾಯಿತು. ದಾಕ್ಷಾಯಿಣಿ ಚಮಚ ಎತ್ತಿದಳು. ಒಣಗಿದ ಒಂದು ಕೈ ಹೊದಿಕೆಯಿಂದ ಈಚೆ ಬಂದು ಬಟ್ಟಲಿನ ಮೇಲೆ ಅಡ್ಡವಾಗಿ ಕೂತಿತು. ಸರಿಯಲಿಲ್ಲ.

ಅವಳು ಇನ್ನೊಮ್ಮೆ ಕೇಳಿದಳು. "ನಾಳೆ ಆಪರೇಷನ್ನಿಗೂ ಆಗಲಿನಾ ಅಜ್ಜಿ?"

"ಮಗ ಅಂತಾನಲ್ಲ. ಆಗಲಿ."

ಕೈ ಬಟ್ಟಲನ್ನು ಇನ್ನಷ್ಟು ಒತ್ತಿ ಮುಚ್ಚಿತು.

ಮತ್ತೆ ಅದೇ ಮೂರು ಮಹಡಿ. ಗಂಡನಿಗೆ ಬೇಕು ಎಂದು ಹೋರಾಡಲು ಹತ್ತಿದ ಮೆಟ್ಟಿಲನ್ನೇ ಈಗ ಇನ್ನೊಬ್ಬರಿಗೆ ಬೇಡ ಎಂದು ಹೇಳಲು ಹತ್ತುತ್ತಿದ್ದೇನೆ ಎಂದು ಅವಳಿಗೆ ಆಶ್ಚರ್ಯವಾಯಿತು. ಸಿಟ್ಟು ಮಾತ್ರ ಅದೇ, ಒಂದು ಚೂರೂ ಬದಲಾಗಿರಲಿಲ್ಲ.

ಕಟ್ಟಿಯವರು ಬಂದರು. ಅಂಕಿ ನೋಡಿ, "ತೊಂಬತ್ನಾಕ ಅದಲ್ಲ ತಂಗಿ," ಎಂದರು.

"ಅಂಕಿ ಬಿಡಿ ಸರ್. ನೀವೇ ಬಡಿಸಿ ನೋಡಿ."

ಅವರು ಮಂಚದ ಅಂಚಿಗೆ ಕೂತು, ಅಭ್ಯಾಸವಿಲ್ಲದ ಕೈಯಿಂದ ಚಮಚ ಎತ್ತಿದರು. ಅಜ್ಜಿ "ಆಗಲಿ" ಎಂದಳು. ಅವಳ ಕೈ ಬಟ್ಟಲಿನ ಮೇಲೆ ಬಂತು. ಆಮೇಲೆ ಅಜ್ಜಿ ತಲೆಯೆತ್ತಿ ಕಟ್ಟಿಯವರ ಮುಖವನ್ನು ನೋಡಿದಳು.

ಆ ನೋಟವನ್ನು ಅವರು ಹಿಂದೆ ಯಾರ ಕಣ್ಣಲ್ಲಿ ಕಂಡಿದ್ದರೆಂದು ದಾಕ್ಷಾಯಿಣಿಗೆ ಗೊತ್ತಿತ್ತು. ಅವರು ಚಮಚ ಕೆಳಗಿಟ್ಟು, ಬಟ್ಟಲಿನ ಮೇಲಿದ್ದ ಆ ಕೈಯ ಮೇಲೆ ತಮ್ಮ ಕೈಯಿಟ್ಟು, ಬಹಳ ಹೊತ್ತು ಹಾಗೇ ಕೂತರು.

ತಲೆಯ ಮೇಲೆ ಬಿಲ್ಲೆ ಹಸಿರಾಗಿ ಉರಿಯುತ್ತಲೇ ಇತ್ತು.