ಕೆಂಪು ಗುರುತಿನ ಅಜ್ಜಿ

ಬಾಗಿಲಲ್ಲಿ ಡಾಕ್ಟರ್ ನಂದೀಶ ನಿಂತಿದ್ದ!

ಶೈಲಾಳ ಕೈಗೆ ರೊಟ್ಟಿಯ ಹಿಟ್ಟು ಮೆತ್ತಿಕೊಂಡೇ ಇತ್ತು. ಅಜ್ಜಿಯನ್ನು ತೋರಿಸಲು ಮುಂಡರಗಿಯ ಆಸ್ಪತ್ರೆಗೆ ಹೋದಾಗಲೆಲ್ಲ ಕದ್ದು ಕದ್ದು ನೋಡಿದ ಮುಖ, ಈಗ ಡೋಣಿ ಊರಿನ ತನ್ನ ಮನೆಯ ಹೊಸ್ತಿಲಲ್ಲಿ! ಕಪ್ಪತಗುಡ್ಡದ ಗಾಳಿಗೆ ಅವನ ಕೂದಲು ಕೆದರಿತ್ತು.

ನನ್ನ ಸಲುವಾಗಿ ಬಂದನೇನು... ಹುಚ್ಚು ಮನಸ್ಸು ಆಗಲೇ ಕನಸು ಕಾಣತೊಡಗಿತ್ತು.

"ನಿಮ್ಮಜ್ಜಿ ಸುಮಿತ್ರವ್ವನವರು ಅದಾರೇನ್ರಿ? ಅವರನ್ನ ನೋಡಾಕ ಬಂದೆ."

ಅಷ್ಟೇ. ಪಾಪ, ಹುಡುಗಿಯ ಮುಖ ಬಾಡಿಹೋಯಿತು.

ಆಸ್ಪತ್ರೆಯ ಕಂಪ್ಯೂಟರ್ ವಯಸ್ಸಾದವರ ದಾಖಲೆಗಳನ್ನೆಲ್ಲ ಜಾಲಾಡಿ, ಯಾರು ಒಳಗೊಳಗೇ ನಿತ್ರಾಣರಾಗುತ್ತಿದ್ದಾರೆಂದು ಹೇಳುತ್ತದಂತೆ. ತಲೆಸುತ್ತು, ಮೊಣಕಾಲು ನೋವು, ಊಟ ಸೇರದಿರುವುದು, ಮೇಲಿಂದ ಮೇಲೆ ಆಸ್ಪತ್ರೆಗೆ ಬಂದದ್ದು... ಎಲ್ಲ ಕೂಡಿಸಿ ಸುಮಿತ್ರವ್ವನ ಹೆಸರಿಗೆ ಕೆಂಪು ಗುರುತು ಹಾಕಿತ್ತು. ಇಂಥವರು ಒಮ್ಮೆ ಜಾರಿ ಬಿದ್ದರೆ ಮತ್ತೆ ಏಳುವುದು ಕಷ್ಟ ಎಂದ ನಂದೀಶ.

ಶೈಲಾಳ ಕಣ್ಣು ತುಂಬಿತು. ತಾನು ಆಯಿ ಎಂದು ಕರೆಯುವ ಅಜ್ಜಿ, ಹೆತ್ತವರಿಲ್ಲದ ತನ್ನನ್ನು ಸಾಕಿ ಬೆಳೆಸಿದ ಜೀವ ಅದು. ಛೇ, ನಾನು ಇವನ ಮುಖ ನೋಡುತ್ತ ಕುಂತೆ, ಆಯಿಯನ್ನು ನೋಡಲೇ ಇಲ್ಲ...

ಅಷ್ಟರಲ್ಲಿ ಹಿತ್ತಲಿನಿಂದ ತುಂಬಿದ ಕೊಡ ಹೊತ್ತು ಅಜ್ಜಿ ಬಂದಳು!

ನಂದೀಶ ಕಕ್ಕಾಬಿಕ್ಕಿಯಾದ. ನಡೆಸಿ ನೋಡಿದ, ಕುಳ್ಳಿರಿಸಿ ಎಬ್ಬಿಸಿದ. ತನ್ನ ಕೈ ಹಿಸುಕಲು ಹೇಳಿ, ನೋವಿಗೆ ತಾನೇ ಮುಖ ಕಿವಿಚಿದ.

"ನನಗ ಮೊದಲಿಂದಾನೂ ಏನೂ ಆಗಿಲ್ಲಪಾ," ಸುಮಿತ್ರವ್ವ ಸೆರಗು ಸರಿಪಡಿಸಿಕೊಂಡಳು. "ನಿನ್ನ ನೋಡಿ ಬಂದ ದಿನ ಈಕಿ ಮನಿತುಂಬ ಹಾಡಕೋತ ತಿರಗತಿದ್ಲು. ಅದಕ್ಕ ಒಂದೊಂದು ಸಲ ಒಂದೊಂದು ಜಡ್ಡು ಹೇಳಿ ಕರಕೊಂಡು ಬರತಿದ್ದೆ."

ಭೂಮಿ ಬಾಯಿಬಿಡಬಾರದೇ ಎನಿಸಿತು ಶೈಲಾಳಿಗೆ. ಒಳಗೆ ಓಡಲು ತಿರುಗಿದಳು.

"ನಿಲ್ರಿ... ತಪ್ಪು ಅವರೊಬ್ಬರದಲ್ಲ." ನಂದೀಶ ಒಂದು ಹೆಜ್ಜೆ ಮುಂದೆ ಬಂದ. "ತಪಾಸಣಿಯೊಳಗ ಎಲ್ಲಾ ಸರಿ ಇದ್ದರೂ ಮುಂದಿನ ವಾರ ಬರ್ರಿ ಅಂತ ಬರದಾಂವ ನಾನು. ಆ ಕೆಂಪು ಗುರುತಿನೊಳಗ ಅರ್ಧ ನಂದ ಐತಿ. ಇವತ್ತ ಅದನ್ನ ನೋಡಿ ಅಂಜಿಕಿ ಬಂತು. ನಿಮ್ಮನ್ನ ನೋಡೋ ಗುಂಗಿನೊಳಗ ಖರೇ ಜಡ್ಡು ನೋಡದ ಬಿಟ್ಟೆನೇನೋ ಅಂತ ಓಡಿ ಬಂದೆ."

ಅಜ್ಜಿ ಚಹಾದ ನೆವ ಹೇಳಿ ಮೆಲ್ಲಗೆ ಒಳಗೆ ಸರಿದಳು. ಹೊರಗೆ ಗಾಳಿ ಬೀಸುತ್ತಲೇ ಇತ್ತು.

"ಆಯಿ ಗಟ್ಟಿ ಅದಾಳ," ಶೈಲಾ ನೆಲ ನೋಡುತ್ತ ಪಿಸುಗುಟ್ಟಿದಳು. "ಇನ್ನ ಏನ ನೆವ ಮಾಡಿ ಆಸ್ಪತ್ರಿಗೆ ಬರ್ಲಿ?"

"ನೀವು ಬರೂದು ಬ್ಯಾಡ. ನಮ್ಮವ್ವನ್ನ ಕರಕೊಂಡು ನಾನೇ ಬರ್ತೇನಿ."

"ಅವರಿಗೇನ್ರಿ ಜಡ್ಡು?"

"ಸೊಸಿ ಇಲ್ಲನ್ನೋ ಕೊರಗು..."

ಅವಳು ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡಳು.

"ಹಂಗಾರ... ಜಲ್ದಿ ಕರಕೊಂಡು ಬರ್ರಿ."