ನಟ್ಟು ಸಡಿಲ ಮಾಡಿದವಳು

"ಬಾನೆಟ್ ಬಿಸಿ ಇದೆ!"

ಹಳದಿ ಕಾರಿನ ಮೇಲೆ ಅಂಗೈಯಿಟ್ಟು ಮೆಕ್ಯಾನಿಕ್ ಆಡಿದ ಮೊದಲ ಮಾತು ಅದು. ತನ್ನನ್ನು ಕರೆಸಿದವಳ ಕಡೆ ಅವನು ಇನ್ನೂ ತಿರುಗಿಯೂ ನೋಡಿರಲಿಲ್ಲ.

"ಬಿಸಿ ಇದ್ರೆ ಏನಾಯ್ತು?" ಅವಳು ಕೇಳಿದಳು.

"ತಣ್ಣಗಿರುವಾಗ ಸ್ಟಾರ್ಟ್ ಮಾಡಿದ್ರೆ ಮಾತ್ರ ಎಂಜಿನ್ ನಿಜ ಹೇಳೋದು ಮೇಡಂ. ನಾವು ಬರೋ ಮೊದಲೇ ಇವರು ಓಡಿಸಿ ಇಟ್ಟಿದಾರೆ. ನಾಳೆ ಬೆಳಗ್ಗೆ ಬರ್ತೀನಿ. ಅಲ್ಲಿ ತನಕ ಯಾರೂ ಕೀ ಮುಟ್ಟಬಾರದು."

ಹಳೆ ಕಾರುಗಳ ವ್ಯಾಪಾರಿ ಇಂಗು ತಿಂದ ಮಂಗನಂತಾದ. ಅವಳಿಗೂ ಸಿಟ್ಟು ಬಂತು. ಐದು ವರ್ಷ ಕೂಡಿಟ್ಟ ದುಡ್ಡು, ಕಡೆಗೂ ಕಣ್ಣಿಗೆ ಬಿದ್ದ ಕಾರು... ಇವನು ಯಾರು ಅಡ್ಡ ಬರೋಕೆ? ತಾನೇ ಕರೆಸಿದ್ದು ಎಂಬುದು ಆಮೇಲೆ ನೆನಪಾಯಿತು.

ಮರುದಿನ ಅವನು ಕಾರಿನ ಕೆಳಗೆ ಮಲಗಿ, ಟಾರ್ಚ್ ಹಿಡಿದು, ಒಂದು ಗಂಟೆ ನೋಡಿದ.

"ಬೇಡ ಮೇಡಂ. ಎಂಜಿನ್ ಚೆನ್ನಾಗಿದೆ. ಆದ್ರೆ ಲೀಟರಿಗೆ ಒಂಬತ್ತು ಕಿಲೋಮೀಟರ್. ಟೈರು ಅಗಲದ್ದು, ಎಲ್ಲಾ ಕಡೆ ಸಿಗಲ್ಲ. ಟೈಮಿಂಗ್ ಬೆಲ್ಟ್ ಹಾಕಿಸ್ಲೇಬೇಕು. ಇನ್ಶೂರೆನ್ಸ್ ಬೇರೆ ಕಾರಿಗಿಂತ ಜಾಸ್ತಿ. ತಿಂಗಳಿಗೊಂದು ಖರ್ಚು ಇದ್ದದ್ದೇ."

"ಕಾರು ಹೇಗಿದೆ ಅಂತ ಕೇಳಿದೆ. ತಗೋಬೇಕಾ ಬೇಡವಾ ಅಂತ ಕೇಳಿಲ್ಲ!"

ಅವನು ಮೊದಲ ಸಲ ಅವಳನ್ನು ಸರಿಯಾಗಿ ನೋಡಿದ. "ಹಾಗಾದ್ರೆ... ಚೆನ್ನಾಗಿದೆ," ಎಂದ.

ಅವಳು ಕೊಂಡಳು.

"ಎರಡೇ ಬಾಗಿಲು! ಉಳಿದೆರಡು ಯಾವಾಗ ಕೊಡ್ತಾರಂತೆ?" ಎಂದರು ಅಮ್ಮ. ಖರ್ಚು ಕೇಳಿದ ಮೇಲೆ, "ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು," ಎಂದು ಒಳಗೆ ಹೋದರು.

ಅವಳು ಹಲ್ಲಿನ ಸೆಟ್ ತಯಾರಿಸುವ ಲ್ಯಾಬಿನವಳು. ದಿನವಿಡೀ ಕಿಟಕಿ ಪಕ್ಕ ಕುಳಿತು ಯಾರದೋ ಬಾಯಿಗೆ ಹಲ್ಲು ಜೋಡಿಸುವುದು, ಸಣ್ಣ ಇಕ್ಕಳದಿಂದ ತಂತಿ ಬಾಗಿಸುವುದು. ಆ ಬಾಯಿಗಳು ನಗುವುದನ್ನು ಅವಳು ಒಮ್ಮೆಯೂ ನೋಡಿದವಳಲ್ಲ. ಮೂವತ್ತೊಂದು ವರ್ಷದಲ್ಲಿ ತನಗಾಗಿ ಅಂತ ಕೊಂಡದ್ದು ಈ ಕಾರೊಂದೇ.

ಮೆಕ್ಯಾನಿಕ್ ಹೇಳಿದಂತೆಯೇ ಆಯಿತು. ಮೊದಲ ತಿಂಗಳು ಬೆಲ್ಟು, ಎರಡನೇ ತಿಂಗಳು ಟೈರು, ಮೂರನೆಯದರಲ್ಲಿ ಕ್ಲಚ್ಚು. ಅವನು ಪ್ರತಿ ಸಲ ಹಳೆಯ ಭಾಗವನ್ನು ಅವಳ ಕೈಗೆ ಕೊಟ್ಟು, ಎಲ್ಲಿ ಸವೆದಿದೆ ಎಂದು ಬೆರಳಿಟ್ಟು ತೋರಿಸುತ್ತಿದ್ದ. ಅವಳು ಹಲ್ಲಿನ ಕತೆ ಹೇಳುತ್ತಿದ್ದಳು. ಗ್ಯಾರೇಜಿನ ಮುರುಕು ಸ್ಟೂಲಿನ ಮೇಲೆ ಎರಡು ಲೋಟ ಟೀ ಆರಿ ತಣ್ಣಗಾಗುತ್ತಿತ್ತು.

ನಾಲ್ಕನೇ ತಿಂಗಳು ಏನೂ ಕೆಡಲಿಲ್ಲ.

ಯಾರಾದರೂ ಖುಷಿಪಡುವ ವಿಷಯ. ಅವಳಿಗೆ ಮಾತ್ರ ಊಟ ಸೇರಲಿಲ್ಲ! ಒಂದು ಭಾನುವಾರ ಬಾನೆಟ್ ಎತ್ತಿ, ಬ್ಯಾಟರಿ ಹಿಡಿದಿಡುವ ಪಟ್ಟಿಯ ನಟ್ಟನ್ನು ಸ್ವಲ್ಪ ಸಡಿಲಿಸಿದಳು. ಮನೆಯಲ್ಲಿ ಸ್ಪ್ಯಾನರ್ ಎಲ್ಲಿಂದ ಬರಬೇಕು? ಲ್ಯಾಬಿನ ಇಕ್ಕಳವೇ ಗತಿ.

"ಒಳಗೆ ಟಕ ಟಕ ಅಂತಿದೆ..."

ಅವನು ಎರಡು ನಿಮಿಷದಲ್ಲಿ ಬಿಗಿ ಮಾಡಿದ. ದುಡ್ಡು ಬೇಡವೆಂದ. ಮುಂದಿನ ವಾರ ಮತ್ತೆ ಟಕ ಟಕ. ಅದರ ಮುಂದಿನ ವಾರವೂ.

ಮೂರನೇ ಸಲ ಅವನು ನಟ್ಟು ಬಿಚ್ಚಿ ಬೆಳಕಿಗೆ ಹಿಡಿದ. ಅಂಚಿನಲ್ಲಿ ಸಾಲಾಗಿ ಸಣ್ಣ ಗೀರುಗಳು.

"ಇದು ತಾನಾಗಿ ಸಡಿಲ ಆಗಿಲ್ಲ ಮೇಡಂ. ಯಾರೋ ಇಕ್ಕಳ ಹಾಕಿದಾರೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ. ಅವಳ ಕೈ ತಾನಾಗಿ ಇಕ್ಕಳವಿದ್ದ ಬ್ಯಾಗಿನ ಮೇಲೆ ಹೋಯಿತು. ಅವನು ಅದನ್ನು ಕಂಡ.

"ಪರೀಕ್ಷೆ ಮಾಡ್ತಿದ್ರಾ?" ಅವನ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಹಿಂದೆ ಕೆಲಸಕ್ಕಿದ್ದ ಕಡೆ ಗಿರಾಕಿಗಳು ಹೀಗೇ ಮಾಡ್ತಿದ್ರು. ಬೇಕಂತಲೇ ಒಂದು ವಯರ್ ಕಿತ್ತು ತರ್ತಿದ್ರು, ನಾನು ಸುಳ್ಳು ಬಿಲ್ ಮಾಡ್ತೀನಾ ನೋಡೋಕೆ. ಒಂದು ಸಲ ಆದ್ರೆ ಸರಿ. ನೀವು ಮೂರು ಸಲ ಮಾಡಿದ್ರಿ. ಅಷ್ಟೂ ನಂಬಿಕೆ ಇಲ್ವಾ?"

ಇಲ್ಲ, ಹಾಗಲ್ಲ... ಎನ್ನುವ ಬದಲು ಅವಳು ಬ್ಯಾಗಿನ ಜಿಪ್ಪು ಎಳೆದಳು. ಹಾಗಲ್ಲ ಅಂದರೆ ಮತ್ತೆ ಹೇಗೆ ಎಂದು ಕೇಳುತ್ತಾನೆ. ಅದನ್ನು ಹೇಳುವುದಕ್ಕಿಂತ ಕಳ್ಳಿ ಎನಿಸಿಕೊಳ್ಳುವುದೇ ಸುಲಭವೆಂದು ಆ ಕ್ಷಣಕ್ಕೆ ಅನ್ನಿಸಿತು. ಬುದ್ಧಿವಂತರೂ ಇಂಥ ಹೊತ್ತಲ್ಲಿ ಪೆದ್ದರೇ.

ಅವನು ಹೊಸ ನಟ್ಟು ಹಾಕಿ ಬಾನೆಟ್ ಮುಚ್ಚಿದ. "ದೊಡ್ಡ ರಸ್ತೇಲಿ ಬೇರೆ ಗ್ಯಾರೇಜ್ ಇದೆ. ಇನ್ನು ಮೇಲೆ ಅಲ್ಲಿಗೆ ಹೋಗಿ."

ಹನ್ನೊಂದು ದಿನ ಕಾರು ಒಂದು ಸದ್ದೂ ಮಾಡಲಿಲ್ಲ. ಅವಳು ಒಂದು ದವಡೆಗೆ ಎಡದ ಹಲ್ಲನ್ನು ಬಲಕ್ಕೆ ಜೋಡಿಸಿದಳು. ಎಂಟು ವರ್ಷದ ಕೆಲಸದಲ್ಲಿ ಅದೇ ಮೊದಲು.

"ಇಷ್ಟು ಒದ್ದಾಡೋ ಬದಲು ಆ ಕಾರು ಮಾರಿಬಿಡು," ಎಂದರು ಅಮ್ಮ.

"ಕಾರಿಗೆ ಏನೂ ಆಗಿಲ್ಲಮ್ಮ."

"ಅದು ನನಗೂ ಕಾಣ್ತಿದೆ," ಎಂದು ಅಮ್ಮ ಅವಳ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದರು.

ಹನ್ನೆರಡನೇ ದಿನ ಮಧ್ಯಾಹ್ನ ಅವಳು ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದಳು. ಅವನು ಅವಳ ಹಿಂದೆ ರಸ್ತೆಯ ಕಡೆ ಇಣುಕಿದ.

"ಕಾರೆಲ್ಲಿ?"

"ಮನೇಲಿದೆ. ಏನೂ ಕೆಟ್ಟಿಲ್ಲ. ಬಸ್ಸಲ್ಲಿ ಬಂದೆ."

"ಮತ್ತೆ... ಯಾಕೆ?"

ಇವತ್ತು ಹೇಳದಿದ್ದರೆ ಇನ್ನೆಂದೂ ಇಲ್ಲ!

"ನಟ್ಟು ಸಡಿಲ ಮಾಡಿದ್ದು ನಾನೇ. ಪರೀಕ್ಷೆ ಮಾಡೋಕಲ್ಲ. ನಾಲ್ಕನೇ ತಿಂಗಳು ಏನೂ ಕೆಡಲಿಲ್ಲ... ಏನೂ ಕೆಡದೆ ಇಲ್ಲಿಗೆ ಹೇಗೆ ಬರೋದು ಅಂತ ಗೊತ್ತಾಗ್ಲಿಲ್ಲ. ನಿಮ್ಮನ್ನ ನೋಡ್ಬೇಕಿತ್ತು. ಅಷ್ಟೇ."

ಅವನು ಕೈಯಲ್ಲಿದ್ದ ಬಟ್ಟೆಯಿಂದ ಬೆರಳು ಒರೆಸಿಕೊಂಡ. ಒರೆಸಿದ ಬೆರಳನ್ನೇ ಮತ್ತೆ ಒರೆಸಿದ.

"ನನಗೆ ಆ ಗೀರು ಮೊದಲ ವಾರಾನೇ ಕಂಡಿತ್ತು," ಎಂದ ಮೆಲ್ಲಗೆ.

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮುಂದಿನ ವಾರ ನೀವು ಬರ್ತಿರಲಿಲ್ಲ. ಎರಡು ವಾರ ಸುಮ್ಮನಿದ್ದೆ. ಮೂರನೇ ವಾರ... ಸುಮ್ಮನಿರೋಕೆ ಆಗ್ಲಿಲ್ಲ. ನಾನು ಇಷ್ಟಪಟ್ಟವರೇ ನನ್ನ ನಂಬಲ್ಲ ಅಂದ್ರೆ ತುಂಬಾ ನೋವಾಗತ್ತೆ ಮೇಡಂ."

ಇಷ್ಟಪಟ್ಟವರು... ಅವಳಿಗೆ ಅಳು ಬಂತು, ನಗುವೂ ಬಂತು. ಎರಡನ್ನೂ ತಡೆಯುವ ಗೋಜಿಗೆ ಹೋಗಲಿಲ್ಲ.

"ಇನ್ನೂ ಮೇಡಂ ಅಂತಾನೇ ಕರೀತೀರಾ?"

"ಅಭ್ಯಾಸ... ಬಿಡ್ತೀನಿ." ಅವನು ಷಟರ್ ಅರ್ಧ ಎಳೆದು ನಿಂತ. "ಬಸ್ ಸ್ಟಾಪ್ ತನಕ ನಾನೂ ಬರಲಾ?"

"ಬನ್ನಿ. ಆದ್ರೆ ಈ ಸ್ಟಾಪ್ ಬೇಡ."

"ಯಾಕೆ?"

"ಎರಡು ಹೆಜ್ಜೆಗೆ ಮುಗಿದುಹೋಗತ್ತೆ. ಮುಂದಿನದಕ್ಕೆ ನಡೀರಿ... ಅದು ದೂರ ಇದೆ."